ಮನೋರಮಕ್ಕನ ರಜೆ

ಒಂದು ಕಾರಣವೂ ಇಲ್ಲದೆ ಊರು ಬಿಟ್ಟು ಹೊರಡಬಲ್ಲ ಶಕ್ತಿ ಮನೋರಮಕ್ಕನಿಗಿತ್ತು. ಈಗಿನವರಿಗೆ ಇದನ್ನು ಶಕ್ತಿಯೆಂದು ಕರೆಯಬೇಕೇ ಎನ್ನಿಸಬಹುದು. ನಾನು ಹೇಳುತ್ತಿರುವುದು ನಮ್ಮ ಜಿಲ್ಲೆ ಮದರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ಕಾಲದ ಮಾತು. ಆಗ ಮೂಡುಬಿದಿರೆಯಲ್ಲಿ ಬಸ್ಸು ಹತ್ತುವವರಿಗೆ ಒಂದು ಮದುವೆಯೋ ಉತ್ತರಕ್ರಿಯೆಯೋ, ಮಂಗಳೂರಿನ ಕೋರ್ಟಿನಲ್ಲಿ ವಾಯಿದೆಯೋ, ವಿಟ್ಲದಲ್ಲಿ ಅಡಿಕೆಯ ವ್ಯಾಪಾರವೋ, ಧರ್ಮಸ್ಥಳಕ್ಕೆ ಹೇಳಿಕೊಂಡ ಹರಕೆಯೋ ಇರಲೇಬೇಕಿತ್ತು. ಪಕ್ಕದಲ್ಲಿ ಕೂತವನು ಕೇಳುತ್ತಿದ್ದ, ಹಿಂದೆ ಕೂತವನು ಕೇಳುತ್ತಿದ್ದ, ಟಿಕೆಟು ಹರಿಯುವ ಮೊದಲು ಕಂಡಕ್ಟರನೂ ಒಮ್ಮೆ ಕೇಳುತ್ತಿದ್ದ. ಬಿಳಿಯ ಸೀರೆಯುಟ್ಟ, ನಡುವಯಸ್ಸು ದಾಟುತ್ತಿದ್ದ ಈ ಹೆಂಗಸು ಮಾತ್ರ, "ವಿಶೇಷ ಏನೂ ಇಲ್ಲ. ಗುಡ್ಡೆ ನೋಡಲಿಕ್ಕೆ ಹೋಗುವುದು" ಎಂದು ಹೇಳಿ, ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತುಬಿಡುತ್ತಿದ್ದರು. ಆ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದು ಹೇಗೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ನಾನು ಕನ್ನಡ ಪಂಡಿತನಾಗಿ ಸೇರಿದ ಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡಿದ್ದರು. ಮದರಾಸಿನಲ್ಲಿ ವಕೀಲಿ ಓದಿ ಆಗಷ್ಟೇ ಮರಳಿದ್ದ ಆ ತರುಣನ ನೆನಪಿಗೆ ಉಳಿದದ್ದು ಒಂದು ಕರಿಯ ಕೋಟು. ಬೇರೆ ಯಾರಾದರೂ ಅದನ್ನು ಪೆಟ್ಟಿಗೆಯ ತಳದಲ್ಲಿ ಕರ್ಪೂರದ ಗುಳಿಗೆಗಳ ನಡುವೆ ಮಡಿಸಿಟ್ಟು ವರ್ಷಕ್ಕೊಮ್ಮೆ ಕಣ್ಣೀರಿಡುತ್ತಿದ್ದರೇನೋ. ಮನೋರಮಕ್ಕ ಅದರ ಒಳಗೆ ಎರಡು ದೊಡ್ಡ ಜೇಬು ಹೊಲಿಸಿಕೊಂಡು, ಗುಡ್ಡ ಹತ್ತುವಾಗಲೆಲ್ಲ ಸೀರೆಯ ಮೇಲೆ ತೊಟ್ಟುಕೊಳ್ಳುತ್ತಿದ್ದರು. ಒಂದು ಜೇಬಿನಲ್ಲಿ ಹುರಿಗಡಲೆ, ಇನ್ನೊಂದರಲ್ಲಿ ಟಾರ್ಚು. ಬಿಳಿ ಸೀರೆ, ಕರಿ ಕೋಟು, ಹಿಂದಕ್ಕೆ ಕಟ್ಟಿದ ಕೈ, ಮುಂದಕ್ಕೆ ಚಾಚಿದ ಗದ್ದ. ಶಾಲೆಯ ಹುಡುಗಿಯರು ಅವರಿಗೆ ಮಡಿವಾಳ ಹಕ್ಕಿಯೆಂದು ಹೆಸರಿಟ್ಟಿದ್ದರು. ಈ ಹೆಸರು ಅವರ ಕಿವಿಗೂ ಬಿದ್ದಿತ್ತು. ಒಮ್ಮೆ ತರಗತಿಯಲ್ಲಿ, ಆ ಹಕ್ಕಿ ಬೆಳಗಿನ ಹೊತ್ತು ಬಹಳ ಚೆನ್ನಾಗಿ ಹಾಡುತ್ತದೆ, ನನಗೆ ಮಾತ್ರ ಹಾಡಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು ಹೇಳಿ ಅವರು ಪಾಠ ಮುಂದುವರಿಸಿದರಂತೆ.

ಅಣ್ಣ ಮಹಾವೀರ ಅರಿಗರ ಮನೆಯಲ್ಲಿ ಅವರ ವಾಸ. ಅರಿಗರು ಬಸದಿಯ ಉಸ್ತುವಾರಿ ನೋಡಿಕೊಳ್ಳುವ ಸಾತ್ವಿಕ ಮನುಷ್ಯ. ತಂಗಿಯ ಮೇಲೆ ಪ್ರೀತಿಯಿತ್ತು, ಊರಿನವರ ಬಾಯಿಯ ಮೇಲೆ ಭಯವೂ ಇತ್ತು. ಮೊದಲ ಸಲ ದೊಡ್ಡ ರಜೆಯಲ್ಲಿ ಘಟ್ಟದ ಬುಡಕ್ಕೆ ಹೋಗಿಬರುತ್ತೇನೆಂದು ಮನೋರಮಕ್ಕ ಹೇಳಿದಾಗ, ಕೇಳಿದವರಿಗೆ ಏನೆನ್ನಲಿ ಎಂದು ಅಣ್ಣ ಚಿಂತಿಸಿದರು. ವೇಣೂರಿನ ಗೊಮ್ಮಟನ ದರ್ಶನಕ್ಕೆ ಹೋಗಿದ್ದಾಳೆ ಎಂದುಬಿಡಿ ಎಂದು ಅತ್ತಿಗೆ ಸೂಚಿಸಿದರು. ಸುಳ್ಳು ಹೇಳುವುದು ಮನೋರಮಕ್ಕನಿಗೆ ಒಗ್ಗುತ್ತಿರಲಿಲ್ಲ. ಅಣ್ಣನ ಬಾಯಲ್ಲಿ ಸುಳ್ಳು ಹೊರಡಿಸುವುದು ಇನ್ನೂ ಒಗ್ಗುತ್ತಿರಲಿಲ್ಲ. ಆದ್ದರಿಂದ ಅವರು ವೇಣೂರಿನಲ್ಲಿ ನಿಜವಾಗಿಯೂ ಬಸ್ಸಿಳಿದು, ಸ್ವಾಮಿಗೆ ಕೈಮುಗಿದು, ಉರಿಬಿಸಿಲಿನಲ್ಲಿ ಕಾದು ನಿಂತು ಮುಂದಿನ ಬಸ್ಸು ಹಿಡಿದರು. ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಒಂದು ವರ್ಷ ಅರಿಗರೇ, "ಈ ಸಲ ನೀನು ವೇಣೂರಿನಲ್ಲಿ ಇಳಿಯುವುದು ಬೇಡ. ಕೇಳಿದವರಿಗೆ ನಾನು ಗುಡ್ಡೆ ನೋಡಲಿಕ್ಕೆ ಅಂತಲೇ ಹೇಳ್ತೇನೆ" ಎಂದರಂತೆ. ಇದನ್ನು ನನಗೆ ಹೇಳುವಾಗ ಮನೋರಮಕ್ಕನ ದನಿ ತುಸು ಮೆತ್ತಗಾಗಿತ್ತು. ಅವರ ಬದುಕಿನಲ್ಲಿ ಅದೊಂದು ದೊಡ್ಡ ಗೆಲುವಾಗಿತ್ತೆಂದು ನನಗನ್ನಿಸುತ್ತದೆ.

ನಾನೂ ನನ್ನ ಹೆಂಡತಿಯೂ ಅವರ ಜೊತೆ ಮೊದಲು ಹೋದದ್ದು ಬಂಟ್ವಾಳದಾಚೆಯ ಕಾರಿಂಜದ ಬೆಟ್ಟಕ್ಕೆ. ಏರಿನಲ್ಲಿ ಅವರದು ಬಿರುಸಿನ ನಡಿಗೆ, ಇಳಿಜಾರಿನಲ್ಲಿ ಬಲು ನಿಧಾನ. ಹತ್ತುವಾಗ ಕಾಣುವುದು ಕಲ್ಲು, ಇಳಿಯುವಾಗ ಕಾಣುವುದು ಲೋಕ ಎಂದು ಅದಕ್ಕೆ ಸಮಜಾಯಿಷಿ. ಮೇಲೆ ತಲುಪಿದ ಮೇಲೆ ನಾವು ಗುಡಿಯೊಳಗೆ ಹೋಗಲು ಅನುವಾದಾಗ ಅವರು ಹೊರಗಿನ ಬಂಡೆಯ ಮೇಲೆ ಕೂತು, "ನೀವು ದೇವರನ್ನು ನೋಡಿ ಬನ್ನಿ ಪಂಡಿತರೇ. ಅಷ್ಟರಲ್ಲಿ ದೇವರು ಇಲ್ಲಿಂದ ಏನನ್ನು ನೋಡ್ತಾನೆ ಅಂತ ನಾನು ನೋಡ್ತೇನೆ" ಎಂದರು. ನಾವು ಮರಳಿ ಬಂದಾಗ ಕೋತಿಯೊಂದು ಅವರ ಹುರಿಗಡಲೆಯನ್ನೆಲ್ಲ ತಿಂದು ಮುಗಿಸಿ, ಕೋಟಿನ ತೋಳನ್ನು ಹಿಡಿದು ಇನ್ನೂ ಬೇಕೆಂದು ಕೂತಿತ್ತು. ಅವರು ಅದನ್ನು ಓಡಿಸದೆ, ಮುಗಿದುಹೋಯಿತಲ್ಲ ಎಂದು ಖಾಲಿ ಜೇಬನ್ನು ಹೊರಗೆಳೆದು ತೋರಿಸುತ್ತಿದ್ದರು.

ಆದರೆ ಮನೋರಮಕ್ಕನೆಂದರೆ ನನ್ನ ಕಣ್ಣಿಗೆ ಕಟ್ಟುವುದು ಬೊಳ್ಳೆಕಲ್ಲಿನ ಗುಹೆ.

ಬೆಳ್ತಂಗಡಿ ದಾಟಿ, ಉಜಿರೆ ದಾಟಿ, ಚಾರ್ಮಾಡಿಯ ದಾರಿಯಲ್ಲಿ ಬಸ್ಸಿಳಿದು ಗದ್ದೆಗಳ ಅಂಚಿನಲ್ಲಿ ನಡೆದರೆ ಬೊಳ್ಳೆಕಲ್ಲೆಂಬ ಗುಡ್ಡ. ಅದರ ಬುಡದಲ್ಲಿ ಅದೇ ಹೆಸರಿನ ಮನೆ. ಮನೋರಮಕ್ಕನ ಶಿಷ್ಯೆ ಕುಸುಮಳನ್ನು ಆ ಮನೆಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಲೋಕನಾಥ ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದ; ಮನೆಯಲ್ಲಿ ಅವಳೂ ಅವಳ ಅತ್ತೆ ಅಮ್ಮಣ್ಣಿಯವರೂ ಇಬ್ಬರೇ. ಅದು ಅಳಿಯಸಂತಾನದ ಮನೆತನ. ಅಂದರೆ ಮನೆ ಅಮ್ಮಣ್ಣಿಯವರದು, ಅದು ಮುಂದೆ ಸಲ್ಲಬೇಕಾದದ್ದು ಅವರ ಮಗಳಿಗೆ. ಶಶಿಪ್ರಭಾ ಎಂಬ ಆ ಮಗಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡಿದ್ದಳು. ಎಲ್ಲಿ, ಹೇಗೆ ಎಂದು ಸೊಸೆಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕುಸುಮ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದವಳು. ಮಂಗಳೂರಿಗೆ ಹೋಗಿ ಶಿಕ್ಷಕಿಯ ತರಬೇತಿ ಪಡೆಯಬೇಕೆಂದು ಅವಳ ಆಸೆ. ಲೋಕನಾಥನ ಅಡ್ಡಿಯೇನೂ ಇರಲಿಲ್ಲ, ಅಮ್ಮ ಒಪ್ಪಿದರೆ ಆಯಿತು ಎಂದಿದ್ದ. ಅಮ್ಮ ಒಪ್ಪುತ್ತಿರಲಿಲ್ಲ. ದನ ಕರು ಹಾಕಲಿಕ್ಕುಂಟು, ಗದ್ದೆಗೆ ಬಿತ್ತನೆ ಆಗಬೇಕು, ನೆಂಟರು ಏನು ಹೇಳಿಯಾರು ಎಂದು ಒಂದೊಂದು ದಿನಕ್ಕೆ ಒಂದೊಂದು ನೆಪ ಬರುತ್ತಿತ್ತು. ಹಿಂದಿನ ರಜೆಗಳಲ್ಲಿಯೂ ಮನೋರಮಕ್ಕ ಈ ಮಾತೆತ್ತಿ ಸೋತಿದ್ದರು. ನಾವು ಜೊತೆಗಿದ್ದ ಆ ವರ್ಷವೂ, ತಲುಪಿದ ದಿನ ಸಂಜೆ ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಜಗಲಿಯಲ್ಲಿ ಕೂತು, ಪಾಠಕ್ಕೆ ಸಿದ್ಧತೆ ಮಾಡಿಕೊಂಡು ಬಂದವರಂತೆ ಕ್ರಮವಾಗಿ ವಾದ ಹೂಡಿದರು. ಹೆಣ್ಣಿಗೆ ಸ್ವಂತ ಉದ್ಯೋಗವಿದ್ದರೆ ಮನೆಗೆ ಬಲ, ತಾನೂ ಅದರಿಂದಲೇ ತಲೆಯೆತ್ತಿ ನಿಂತದ್ದು, ತರಬೇತಿ ಮುಗಿದರೆ ಹತ್ತಿರದ ಶಾಲೆಯಲ್ಲೇ ಕೆಲಸ ಸಿಕ್ಕೀತು ಎಂದೆಲ್ಲ ವಿವರಿಸಿದರು. ಅಮ್ಮಣ್ಣಿಯವರು ಹಲಸಿನಕಾಯಿ ಕೊಯ್ಯುತ್ತ, ಕತ್ತಿಗಂಟಿದ ಮೇಣವನ್ನು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಸೊಸೆಯ ಕಡೆ ತಿರುಗಿ, "ಟೀಚರಿಗೆ ಕಾಫಿ ಕೊಡು" ಎಂದರು. ಆ ಮಾತಿನಲ್ಲಿ ಒರಟುತನವಿರಲಿಲ್ಲ. ಆದರೆ ಅಲ್ಲಿಗೆ ಬಾಗಿಲು ಮುಚ್ಚಿಕೊಂಡಿತು.

ಮರುದಿನ ಬೆಳಿಗ್ಗೆ ಗುಹೆಗೆ ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಮನೋರಮಕ್ಕ ಪ್ರತಿವರ್ಷವೂ ತಪ್ಪದೆ ಅಲ್ಲಿಗೆ ಹೋಗಿಬರುತ್ತಿದ್ದರು. ಮನೆಯ ಬೆನ್ನಿಗೇ ಇದ್ದರೂ ಅಮ್ಮಣ್ಣಿಯವರು ತಮ್ಮ ಜನ್ಮದಲ್ಲಿ ಅದರೊಳಗೆ ಕಾಲಿಟ್ಟವರಲ್ಲ. ಆದರೆ ಆ ಬೆಳಿಗ್ಗೆ ನಾವು ಹೊರಟಾಗ, ಸೆರಗನ್ನು ಸೊಂಟಕ್ಕೆ ಬಿಗಿದು ಅವರೂ ಅಂಗಳಕ್ಕಿಳಿದರು. ಸೊಸೆಯನ್ನು ಟೀಚರ ಜೊತೆ ಇಡೀ ದಿನ ಬಿಟ್ಟರೆ ತರಬೇತಿಯ ಮಾತು ಬಂದೇ ಬರುತ್ತದೆಂಬ ಶಂಕೆಯೇ ಅವರನ್ನು ಹೊರಡಿಸಿತ್ತೆಂದು ನನ್ನ ಹೆಂಡತಿ ಪಿಸುಗುಟ್ಟಿದಳು. ಅದು ನಿಜವೇ ಇರಬೇಕು. ದಾರಿಯುದ್ದಕ್ಕೂ ಅವರು ಸೊಸೆಗೂ ಟೀಚರಿಗೂ ನಡುವೆಯೇ ನಡೆದರು.

ಕೊಯ್ಲು ಮುಗಿದ ಗದ್ದೆಗಳನ್ನು ದಾಟಿ, ಗೇರುಹಣ್ಣಿನ ಘಾಟು ತುಂಬಿದ ಗುಡ್ಡೆಯನ್ನು ಹತ್ತಿ, ಬಿಳಿಚಿಕೊಂಡ ಒಂದು ದೊಡ್ಡ ಬಂಡೆಯ ಮಗ್ಗುಲಿಗೆ ಬಂದೆವು. ಅಲ್ಲಿಂದ ನೋಡಿದರೆ ಕುದುರೆಮುಖದ ಸಾಲು, ಏಪ್ರಿಲಿನ ಮಬ್ಬಿನಲ್ಲಿ, ಯಾರೋ ಬರೆದು ಅರ್ಧಕ್ಕೆ ಒರೆಸಿದ ಹಾಗೆ ಕಾಣುತ್ತಿತ್ತು. ಬಂಡೆಯ ಅಡಿಯಲ್ಲಿ ಬಗ್ಗಿ ನುಸುಳುವಷ್ಟು ಬಾಯಿ. ಬುತ್ತಿ ಹೊತ್ತು ಬಂದಿದ್ದ ಮನೆಯ ಆಳು ಲೋಕಯ್ಯ, ಒಣಗಿದ ತೆಂಗಿನಗರಿಯ ಸೂಟೆ ಹಚ್ಚಲು ಸಿದ್ಧನಾದ. ಮನೋರಮಕ್ಕ ಬೇಡವೆಂದರು. ಒಳಗೆ ಬಾವಲಿಗಳಿವೆ, ಹೊಗೆಯಿಂದ ಅವುಗಳಿಗೆ ಉಸಿರು ಕಟ್ಟುತ್ತದೆ. ಟಾರ್ಚು ಸಾಕು, ಅದನ್ನೂ ನೆಲಕ್ಕೆ ಹಿಡಿಯಬೇಕು ಎಂದರು. ಬಾವಲಿಗಳಿಗೂ ತನಗೂ ಆಗಿಬರುವುದಿಲ್ಲವೆಂದು ಲೋಕಯ್ಯ ಹೊರಗೇ ಉಳಿದ.

ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಜೈನರ ನಿಯಮವನ್ನು ಮನೋರಮಕ್ಕ ಎಲ್ಲಿ ಹೋದರೂ ಬಿಟ್ಟವರಲ್ಲ. ಒಳಹೊಗುವ ಮೊದಲು ನಾನು ತಮಾಷೆಗೆ, ಗುಹೆಯ ಕತ್ತಲೆಯಲ್ಲಿ ನಿಮಗೆ ರಾತ್ರಿಯ ಲೆಕ್ಕವೋ ಹಗಲಿನ ಲೆಕ್ಕವೋ ಎಂದು ಕೇಳಿದೆ. ಅವರು ನಿಂತು, ಪ್ರಶ್ನೆಯನ್ನು ನಿಜವಾಗಿಯೇ ಯೋಚಿಸಿ, "ಸೂರ್ಯ ಮುಳುಗುವುದು ಅವನ ಲೆಕ್ಕದಲ್ಲಿ ಪಂಡಿತರೇ. ನಾವು ಎಲ್ಲಿ ಅಡಗಿ ಕೂತಿದ್ದೇವೆ ಅಂತ ನೋಡಿ ಅಲ್ಲ" ಎಂದು ಉತ್ತರಿಸಿ, ತಲೆ ಬಗ್ಗಿಸಿ ಒಳಗೆ ಹೋದರು.

ಮೊದಲು ಇಕ್ಕಟ್ಟಾದ ದಾರಿ. ಅಂಗೈಗೆ ತಣ್ಣನೆಯ ಮಣ್ಣು ಅಂಟುತ್ತಿತ್ತು. ಹೊರಗಿನ ಸೆಕೆ ಬೆನ್ನಿನಿಂದ ಯಾರೋ ಬಟ್ಟೆ ಎಳೆದು ತೆಗೆದಂತೆ ಒಮ್ಮೆಲೇ ಕಳಚಿ ಬಿತ್ತು. ಆಮೇಲೆ ನಿಲ್ಲಬಹುದಾದಷ್ಟು ಎತ್ತರ, ಆಮೇಲೆ ಒಂದು ಚಾವಡಿಯಷ್ಟು ವಿಶಾಲವಾದ ಜಾಗ. ಟಾರ್ಚಿನ ಬೆಳಕು ತಾಗಿದಲ್ಲೆಲ್ಲ ಗೋಡೆ ಒದ್ದೆಯಾಗಿ ಮಿನುಗುತ್ತಿತ್ತು. ಒಂದು ಮೂಲೆಯಲ್ಲಿ ತಿಳಿನೀರಿನ ಹೊಂಡ. ಮೇಲೆ ಬಾವಲಿಗಳು ಕಲಕಿ ಎದ್ದು, ಬೆಳಕಿನ ಸುತ್ತ ಗಾಬರಿಯಿಂದ ಹಾರಾಡಿದವು. ನಾವು ಹೊಂಡದ ದಂಡೆಯಲ್ಲಿ ಕೂತೆವು. ಆಗ ಮನೋರಮಕ್ಕ ತಾವು ಆ ಗುಹೆಯಲ್ಲಿ ಪ್ರತಿವರ್ಷ ಮಾಡುತ್ತಿದ್ದುದನ್ನು ಮಾಡಿದರು. ಇದು ಅವುಗಳ ಮನೆ, ಬಂದವರು ಸ್ವಲ್ಪ ಹೊತ್ತು ಮನೆಯವರ ಹಾಗೆಯೇ ಕೂತುಕೊಳ್ಳಬೇಕು ಎಂದು ಹೇಳಿ ಟಾರ್ಚು ಆರಿಸಿದರು.

ಅಂಥ ಕತ್ತಲೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಮಾವಾಸ್ಯೆಯ ರಾತ್ರಿಗೂ ನಕ್ಷತ್ರಗಳಿರುತ್ತವೆ, ಮುಚ್ಚಿದ ಕೋಣೆಗೂ ಒಂದು ಬಿರುಕಿರುತ್ತದೆ. ಇಲ್ಲಿ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಹೆಂಡತಿ ನನ್ನ ತೋಳನ್ನು ಹಿಡಿದುಕೊಂಡಳು. ಬಾವಲಿಗಳ ಗಡಿಬಿಡಿ ಕ್ರಮೇಣ ಇಳಿಯಿತು. ಆಮೇಲೆ ನೀರು ತೊಟ್ಟಿಕ್ಕುವುದು ಕೇಳಿಸಿತು, ಆಮೇಲೆ ನಮ್ಮದೇ ಉಸಿರುಗಳು ಕೇಳಿಸಿದವು. ಯಾರು ಎಲ್ಲಿ ಕೂತಿದ್ದಾರೆಂಬುದು ಮರೆತುಹೋಗುವಷ್ಟು ಹೊತ್ತು ಕಳೆದಿರಬೇಕು. ಆಗ ಕುಸುಮಳ ದನಿ ಬಂತು. ಅತ್ತೆ ಸೊಸೆ ಮಾತಾಡಿದ್ದು ತುಳುವಿನಲ್ಲಿ. ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತಾರೆ.

"ಮಾಮಿ, ನನಗೆ ಹೋಗಬೇಕು ಅಂತ ಉಂಟು."

ಅಷ್ಟೇ. ವಾದವಿರಲಿಲ್ಲ, ಅಳುವೂ ಇರಲಿಲ್ಲ. ಇದುವರೆಗೆ ಅವಳ ಪರವಾಗಿ ಟೀಚರು ಆಡಿದ್ದರು, ಗಂಡ ಆಡಿದ್ದ. ಅವಳೇ ಅತ್ತೆಯ ಎದುರು ಈ ಮಾತನ್ನು ಆಡಿದ್ದು ಅದೇ ಮೊದಲೆಂದು ಆಮೇಲೆ ತಿಳಿಯಿತು. ಇನ್ನು ಮನೋರಮಕ್ಕ ಸುಮ್ಮನಿರಲಾರರು, ನಿನ್ನೆ ಅರ್ಧಕ್ಕೆ ನಿಂತ ಪಾಠವನ್ನು ಈಗ ಮುಂದುವರಿಸಿಯೇ ತೀರುತ್ತಾರೆ ಎಂದು ನಾನು ಕಾದೆ. ಅವರ ಕಡೆಯಿಂದ ಕೋಟಿನ ಗುಂಡಿ ಅಲುಗಿದ ಸದ್ದೂ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಅಮ್ಮಣ್ಣಿಯವರು ಮಾತಾಡಿದರು. "ಶಶಿಗೂ ಹಾಗೆಯೇ ಇತ್ತು. ಹೋಗಬೇಕು ಅಂತ. ಎಲ್ಲರೂ ಬೇಡ ಅಂದರು. ನಾನೇ ಕಳಿಸಿದ್ದು."

ಹಾಗೆ ಶುರುವಾದದ್ದು ತೊಟ್ಟು ತೊಟ್ಟಾಗಿ ಹೊರಬಂತು. ಮಗಳು ಜಾಣೆ. ಮಂಗಳೂರಿನ ದೊಡ್ಡ ಶಾಲೆಯಲ್ಲಿ ಓದಬೇಕೆಂದು ಹಟ ಹಿಡಿದಿದ್ದಳು. ತಾಯಿಯ ಅಣ್ಣತಮ್ಮಂದಿರಿಗೆ, ನೆರೆಹೊರೆಯವರಿಗೆ, ಯಾರಿಗೂ ಇಷ್ಟವಿರಲಿಲ್ಲ. ತಾಯಿ ಎಲ್ಲರ ಮಾತನ್ನೂ ಮೀರಿ, ಅಲ್ಲಿ ಒಬ್ಬ ನೆಂಟರ ಮನೆಯಲ್ಲಿ ಬಿಟ್ಟು ಬಂದರು. ಆಟಿ ತಿಂಗಳ ಮಳೆಯಲ್ಲಿ ಅವಳಿಗೆ ಜ್ವರ ಬಂತು. ಸುದ್ದಿ ತಂದವನು ಹೊಳೆಯ ಆಚೆ ದಡದಲ್ಲಿ ಸಿಕ್ಕಿಬಿದ್ದ. ಘಟ್ಟದ ನೀರೆಲ್ಲ ಇಳಿದು, ಈಚೆ ದಾಟಲು ಸಂಕವೂ ಇರಲಿಲ್ಲ, ದೋಣಿಯೂ ಇರಲಿಲ್ಲ. ನೀರು ಇಳಿದು ಅವನು ಮನೆಗೆ ಮುಟ್ಟುವಾಗ ಅಲ್ಲಿ ಮಂಗಳೂರಿನಲ್ಲಿ ಎಲ್ಲವೂ ಮುಗಿದಿತ್ತು. ಮಗಳ ಮುಖವನ್ನು ತಾಯಿ ನೋಡಲಿಲ್ಲ. ಕಳಿಸಿದ್ದು ನೀನೇ ಎಂದು ಯಾರೂ ಎದುರಿಗೆ ಹೇಳಲಿಲ್ಲ. ಹೇಳದೆ ಇದ್ದದ್ದೇ ಹೆಚ್ಚು ಭಾರವಾಯಿತು ಎಂದರು ಅಮ್ಮಣ್ಣಿ. ಅವರ ದನಿ ಒಮ್ಮೆಯೂ ಏರಲಿಲ್ಲ. ಯಾವುದೋ ಬೇರೆ ಮನೆಯ ವಿಷಯ ಹೇಳುವವರಂತೆ ಹೇಳಿದರು.

"ನಿನಗೆ ಜ್ವರ ಬಂದರೆ ಯಾರು ಉಂಟು ಅಲ್ಲಿ?"

"ಮೈ ಬಿಸಿಯಾದ ದಿನವೇ ಹೊರಟು ಬರ್ತೇನೆ ಮಾಮಿ. ಹೆಚ್ಚಾಗುವವರೆಗೆ ಕಾಯುವುದಿಲ್ಲ. ಈಗ ಹೊಳೆಗೆ ಸೇತುವೆ ಉಂಟಲ್ಲ."

ಆಮೇಲೆ ಅಮ್ಮಣ್ಣಿಯವರು ಕತ್ತಲೆಯಲ್ಲಿ ಟೀಚರನ್ನು ಹುಡುಕುವವರಂತೆ, ನೀವು ಯಾಕೆ ಮಾತಾಡುವುದಿಲ್ಲ ಎಂದು ಕೇಳಿದರು. ಮನೋರಮಕ್ಕ, "ನನಗೆ ಹೇಳಲಿಕ್ಕೆ ಏನೂ ಇಲ್ಲ ಅಮ್ಮಣ್ಣಕ್ಕ. ಕೇಳ್ತಾ ಇದ್ದೇನೆ" ಎಂದರು. ನಾನು ಮುಜುಗರದಿಂದ, ಇನ್ನು ಟಾರ್ಚು ಹಾಕುವ ಎಂದೆ. "ಇನ್ನೂ ಸ್ವಲ್ಪ ಹೊತ್ತು ಇರಲಿ" ಎಂದರು ಮನೋರಮಕ್ಕ. ಸೆರಗಿನಿಂದ ಯಾರೋ ಮುಖ ಒರೆಸಿಕೊಳ್ಳುತ್ತಿದ್ದ ಸದ್ದು ನನಗೆ ಆಗ ಕೇಳಿಸಿತು. ಅದು ನಿಂತ ಎಷ್ಟೋ ಹೊತ್ತಿನ ನಂತರ ಟಾರ್ಚು ಹೊತ್ತಿತು. ಅದೂ ಯಾರ ಮುಖಕ್ಕೂ ತಾಗದಂತೆ, ನೆಲಕ್ಕೆ ಹಿಡಿದು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಬಂಡೆಯ ನೆರಳಿನಲ್ಲಿ ಲೋಕಯ್ಯ ನಿದ್ದೆ ಹೋಗಿದ್ದ. ನಾವು ಬುತ್ತಿ ಬಿಚ್ಚಿ ಉಂಡೆವು. ಮನೋರಮಕ್ಕ ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಹೊಗಳಿದರು. ಎದುರಿನ ಶಿಖರಗಳ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಒಳಗೆ ನಡೆದುದರ ಸುದ್ದಿಯನ್ನೇ ಎತ್ತಲಿಲ್ಲ. ಇಳಿಯುವಾಗ ಅಮ್ಮಣ್ಣಿಯವರು ಅವರಿಬ್ಬರ ನಡುವೆ ನಡೆಯಲಿಲ್ಲ, ಒಬ್ಬರೇ ಹಿಂದೆ ಬಂದರು. ನಡುವೆ ಒಮ್ಮೆ ನಿಂತು, ತಮ್ಮ ಮನೆಯ ಹಂಚಿನ ಮಾಡನ್ನು ಮೇಲಿನಿಂದ ನೋಡಿದ್ದು ಇದೇ ಮೊದಲು ಎಂದರು.

ಆ ದಿನ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಅಸಹನೆಯಿಂದ ಮನೋರಮಕ್ಕನನ್ನು ಕೆಣಕಿದೆ. ಈಗ ಒಂದು ಮಾತು ಹೇಳಿದರೆ ಆಗಿಹೋಗುತ್ತದಲ್ಲ ಎಂದೆ. ಅವರು, ಆಗಿಹೋಗುವುದು ಬೇಡ, ಆಗಲಿ ಎಂದು ಮಾತ್ರ ಹೇಳಿದರು. ನಾವು ಹೊರಡುವ ಬೆಳಿಗ್ಗೆ, ಚೀಲಗಳು ಜಗಲಿಗೆ ಬಂದ ಮೇಲೆ, ಅಮ್ಮಣ್ಣಿಯವರು ನಮ್ಮ ಯಾರ ಮುಖವನ್ನೂ ನೋಡದೆ ಸೊಸೆಗೆ ಹೇಳಿದರು: "ಹೋಗುವುದಾದರೆ ಮಳೆ ಹಿಡಿಯುವ ಮೊದಲು ಹೋಗಬೇಕು. ನಿಲ್ಲುವ ಜಾಗ ನಾನೇ ಬಂದು ನೋಡ್ತೇನೆ." ಕುಸುಮ ಅಲ್ಲಿಯೇ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಅವರು, ಬಸ್ಸಿಗೆ ಹೊತ್ತಾಯಿತೆಂದು ನಮ್ಮನ್ನು ಗದರಿಸಿದರು.

ಜೂನಿನ ಮೊದಲ ಮೋಡಗಳು ಬರುವ ಹೊತ್ತಿಗೆ ಅಮ್ಮಣ್ಣಿಯವರು ಮಂಗಳೂರಿಗೆ ಹೋದರು. ಮಗಳನ್ನು ಬಿಟ್ಟು ಬಂದ ಮೇಲೆ ಅವರು ಆ ಊರಿಗೆ ಕಾಲಿಟ್ಟದ್ದು ಅದೇ ಮೊದಲು. ಮನೋರಮಕ್ಕನೂ ಹೋಗಿದ್ದರು. ಸೊಸೆಯ ವಸತಿ, ಅಡುಗೆಮನೆ, ಬಾವಿ ಎಲ್ಲವನ್ನೂ ಪರೀಕ್ಷಿಸಿ ಆದ ಮೇಲೆ, ಶಶಿ ಇದ್ದ ಬೀದಿಗೆ ಹೋಗಬೇಕೆಂದು ಅಮ್ಮಣ್ಣಿಯವರು ಕೇಳಿದರಂತೆ. ನೆಂಟರು ಆ ಮನೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅಲ್ಲಿ ಬೇರೆ ಯಾರೋ ಇದ್ದರು. ಅಮ್ಮಣ್ಣಿಯವರು ಗೇಟಿನ ಹೊರಗೆ ನಿಂತು, ಅಂಗಳದಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ನೋಡುತ್ತ ಇದ್ದರು. ಮನೋರಮಕ್ಕ ರಸ್ತೆಯ ಆಚೆ ಬದಿಗೆ ಸರಿದು ನಿಂತರು. ಮನೆಯವರು ಹೊರಬಂದು ಯಾರು ಬೇಕಿತ್ತು ಎಂದು ಕೇಳಿದಾಗ, ಯಾರೂ ಅಲ್ಲ, ನೋಡಲಿಕ್ಕೆ ಬಂದದ್ದು ಎಂದು ಅಮ್ಮಣ್ಣಿಯವರೇ ಹೇಳಿದರಂತೆ. ಇದನ್ನು ನನಗೆ ತಿಳಿಸಿದವಳು ಕುಸುಮ. ಮನೋರಮಕ್ಕನ ಬಾಯಿಂದ ನಾನು ಈ ಸಂಗತಿಯನ್ನು ಎಂದೂ ಕೇಳಲಿಲ್ಲ.

ಕುಸುಮ ತರಬೇತಿ ಮುಗಿಸಿ ಉಜಿರೆಯ ಹತ್ತಿರದ ಒಂದು ಶಾಲೆಯಲ್ಲಿ ಟೀಚರಾದಳು. ವಾರದ ಕೊನೆಗೆ ಬೊಳ್ಳೆಕಲ್ಲಿಗೆ ಬರುತ್ತಿದ್ದಳು. ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದದ್ದೂ ಉಂಟು. ಮಾತು ಕೊಟ್ಟಂತೆ ಅದೇ ದಿನ ಹೊರಟು ಬಂದಳು, ಅತ್ತೆಯ ಕಷಾಯ ಕುಡಿದು ಗುಣವಾದಳು. ಅವಳ ಮೊದಲ ಮಗುವಿಗೆ ಶಶಿಪ್ರಭಾ ಎಂದು ಹೆಸರಿಡಲು ಹೇಳಿದವರು ಅಮ್ಮಣ್ಣಿಯವರೇ. ಮನೋರಮಕ್ಕ ಅರುವತ್ತರ ದಶಕದ ನಡುವೆ ನಿವೃತ್ತರಾದರು. ಮಂಡಿ ಬಗ್ಗದೆ ಹೋದ ಮೇಲೆ ಗುಹೆಯ ತನಕ ಹೋಗಲಾಗುತ್ತಿರಲಿಲ್ಲ, ಬೊಳ್ಳೆಕಲ್ಲಿನ ಜಗಲಿಯಲ್ಲಿ ಕೂತು ಗುಡ್ಡವನ್ನು ನೋಡುತ್ತಿದ್ದರು. ಅಲ್ಲಿ ಒಮ್ಮೆ ನಾನು, ಅಷ್ಟು ವಾದ ಮಾಡಿದವರು ಅಂದು ಗುಹೆಯಲ್ಲಿ ಹೇಗೆ ಸುಮ್ಮನಿದ್ದಿರಿ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, "ಕತ್ತಲೆಯಲ್ಲಿ ಭೂಪಟ ತೋರಿಸಲಿಕ್ಕೆ ಆಗುವುದಿಲ್ಲವಲ್ಲ ಪಂಡಿತರೇ" ಎಂದರು. ಬಳಿಕ, ತಾನು ವಾದ ಮಾಡುತ್ತಿದ್ದುದು ಅಮ್ಮಣ್ಣಕ್ಕ ಹೇಳಿದ ನೆಪಗಳ ಜೊತೆ, ಅಂದು ಮೊದಲ ಸಲ ಅವರ ದನಿ ಕೇಳಿತು ಎಂದೂ ಸೇರಿಸಿದರು.

ನಮ್ಮ ಸುತ್ತಮುತ್ತ ಇಂಥವರು ಆಗೊಬ್ಬರು ಈಗೊಬ್ಬರು ಇರುತ್ತಾರೆ. ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಪರರ ಕಷ್ಟಕ್ಕೆ ಓಡಿಬರುವ ಪುಣ್ಯಾತ್ಮರೂ ಸಾಕಷ್ಟಿದ್ದಾರೆ. ಆದರೆ ಇನ್ನೊಬ್ಬರ ಬಾಯಿಂದ ಮಾತು ಹೊರಡುವವರೆಗೆ ತಮ್ಮ ಮಾತನ್ನು ಬದಿಗಿಟ್ಟು ಕೂತಿರಬಲ್ಲವರು, ಹೊರಟ ಮೇಲೆ ಅದು ತಮ್ಮಿಂದಾಯಿತೆಂದು ಯಾರಿಗೂ ನೆನಪಿಸದವರು ಅಪರೂಪ. ಅವರ ಉಪಕಾರಕ್ಕೆ ಸಾಕ್ಷಿಗಳಿರುವುದಿಲ್ಲ. ಸೊಸೆಯನ್ನು ಓದಿಸಿದ್ದು ತಾನೇ ಎಂದು ಅಮ್ಮಣ್ಣಿಯವರು ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅದು ನಿಜವೂ ಹೌದು. ಅಂಥವರು ನಮ್ಮ ನಡುವೆ ಬಂದು ಹೋದ ಮೇಲೆ ನಮಗೆ ಉಳಿಯುವ ಅನ್ನಿಸಿಕೆ ಅದೊಂದೇ: ಆದದ್ದನ್ನೆಲ್ಲ ನಾವೇ ಮಾಡಿಕೊಂಡೆವು.